ತೊಳೆಯಬಾರದ್ದನ್ನು ತೊಳೆದ ಮಳೆಗಾಲ

ಮೊನ್ನೆ ಅವ್ವನಿಗೆ ಹೊಟ್ಟೆಯಲ್ಲಿ ಉರಿ ಜಾಸ್ತಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಎಂಡೋಸ್ಕೋಪಿ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಬಾಗಿಲು ಒಮ್ಮೆ ತೆರೆದು ಮುಚ್ಚಿತು. ಕಣ್ಣು ಚುರುಗುಟ್ಟಿಸುವ, ಕೊಳೆತ ಸೇಬಿನಂಥ ಒಂದು ವಾಸನೆ ಹೊರಗೆ ಬಂತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಉಸಿರು ಎಳೆದುಕೊಂಡೆ. ಹೊಟ್ಟೆ ನೋಡುವ ಕೊಳವೆಗಳನ್ನು, ಅಂದರೆ ಸ್ಕೋಪುಗಳನ್ನು, ಮುಳುಗಿಸಿಡುವ ದ್ರಾವಣದ ವಾಸನೆ ಅದು. ಏಳು ವರ್ಷ ನನ್ನ ಬೆರಳು, ಕೂದಲು, ಊಟದ ಡಬ್ಬಿ ಎಲ್ಲದರಲ್ಲೂ ಅದೇ ಇತ್ತು. ಈಗ ಆ ಕೆಲಸ ಬಿಟ್ಟು ನರ್ಸಿಂಗ್ ಓದುವ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಆಚೆ ಹೋಗಿ ಕೂರೋಣ ಬಾ ಎಂದು ಅವ್ವ ಎರಡು ಸಲ ಕರೆದಳು. ನಾನು ಏಳಲಿಲ್ಲ. ನನಗೆ ಜಗಳೂರು ಕಡೆಯ ತಿಪ್ಪಮ್ಮಕ್ಕ ನೆನಪಾಗಿದ್ದಳು, ಅವಳ ಜೊತೆಗೆ ಆ ಒಂದು ಮಳೆಗಾಲ.

ಕೊರೊನಾ ಕಳೆದ ಮೇಲಿನ ಎರಡನೇ ಮಳೆಗಾಲ ಅದು. ನಾನಿದ್ದ ದಾವಣಗೆರೆಯ ಆಸ್ಪತ್ರೆಯವರು ವಾರಕ್ಕೆ ನಾಲ್ಕು ದಿನ ತಾಲ್ಲೂಕುಗಳಿಗೆ ಎಂಡೋಸ್ಕೋಪಿ ಒಯ್ಯುತ್ತಿದ್ದರು. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಶುಕ್ರವಾರ ಜಗಳೂರು. ಒಂದು ವ್ಯಾನು, ಒಬ್ಬ ಡಾಕ್ಟರು, ವ್ಯಾನು ಓಡಿಸುವ ಕೆರೆಬಿಳಚಿಯ ನಜೀರಣ್ಣ, ಮತ್ತೆ ನಾನು. ಆಯಾ ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಮಗೆ ಎರಡು ಕೋಣೆ ಬಿಟ್ಟುಕೊಡುತ್ತಿದ್ದರು. ಒಂದರಲ್ಲಿ ಡಾಕ್ಟರು ಬಾಯಿಯಿಂದ ಕೊಳವೆ ಇಳಿಸಿ ಜನರ ಹೊಟ್ಟೆ ನೋಡುತ್ತಿದ್ದರು. ಇನ್ನೊಂದರಲ್ಲಿ ನಾನು ಆ ಕೊಳವೆ ತೊಳೆಯುತ್ತಿದ್ದೆ. ಹುದ್ದೆಯ ಹೆಸರು ಟೆಕ್ನಿಶಿಯನ್. ಕೆಲಸ ಮಾತ್ರ ಮುಕ್ಕಾಲು ಪಾಲು ತೊಳೆಯುವುದೇ.

ಹೊಟ್ಟೆ ನೋಡುವುದು ಐದು ನಿಮಿಷ, ತೊಳೆಯುವುದು ಮುಕ್ಕಾಲು ಗಂಟೆ. ಬಾಯಿಂದ ತೆಗೆದ ತಕ್ಷಣ ಮೇಲೆಲ್ಲ ಒರೆಸಿ, ಒಳಗಿನ ಕಾಲುವೆಗೆ ನೀರು ಹೀರಿಸಬೇಕು. ಆಮೇಲೆ ಲೀಕ್ ಟೆಸ್ಟ್: ಸ್ಕೋಪಿಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದಾ ಅಂತ ಪಂಕ್ಚರ್ ಅಂಗಡಿಯವರ ಹಾಗೆ ನೋಡುವುದು. ಗುಳ್ಳೆ ಬಂದರೆ ಅವತ್ತಿಗೆ ಆ ಸ್ಕೋಪಿನ ಕತೆ ಮುಗಿಯಿತು. ಬರದಿದ್ದರೆ ಸೋಪಿನ ನೀರು, ಉದ್ದನೆಯ ಬ್ರಷ್ಷು. ಬ್ರಷ್ಷು ಆಚೆ ತುದಿಯಿಂದ ಬಿಳಿಯಾಗಿಯೇ ಬರುವ ತನಕ ತಿಕ್ಕಬೇಕು. ನಂತರ ದ್ರಾವಣ, ಮತ್ತೆ ಶುದ್ಧ ನೀರು, ಸ್ಪಿರಿಟ್ಟು, ಗಾಳಿ. ಕಡೆಗೆ ನೇತುಹಾಕಬೇಕು. ಒಳಗೆ ಒಂದು ಹನಿ ನೀರು ನಿಂತರೂ ಅಲ್ಲಿ ಏನೇನೋ ಬೆಳೆಯುತ್ತದೆ.

ಶುದ್ಧ ನೀರನ್ನು ಕ್ಯಾನುಗಳಲ್ಲಿ ಒಯ್ಯುತ್ತಿದ್ದೆವು. ಮೊದಲ ತೊಳೆಯುವಿಕೆಗೆ ಮಾತ್ರ ಆಯಾ ಊರಿನ ನೀರೇ. ಹಾಗಾಗಿ ನನಗೆ ನಾಲ್ಕು ಊರುಗಳೂ ನೀರಿನಿಂದಲೇ ಪರಿಚಯ. ಚನ್ನಗಿರಿಯ ನೀರು ಮೆತ್ತಗೆ. ಹೊನ್ನಾಳಿಯದು ಮಳೆಗಾಲದಲ್ಲಿ ಕೆಂಪಗೆ ಬರುತ್ತಿತ್ತು, ಬಟ್ಟೆ ಕಟ್ಟಿ ಸೋಸಬೇಕು. ನ್ಯಾಮತಿಯ ನೀರಿನ ಬಗ್ಗೆ ನನ್ನ ತಕರಾರಿಲ್ಲ, ಆದರೆ ನಲ್ಲಿಯೇ ಸಣ್ಣಗೆ ಬರುತ್ತಿತ್ತು. ಜಗಳೂರಿನ ಬೋರ್‌ವೆಲ್ ನೀರಿಗೆ ಸೋಪು ಹಾಕಿದರೆ ನೊರೆಯೇ ಬಾರದು, ಒಣಗಿದ ಮೇಲೆ ಬಿಳಿ ಪುಡಿ ಕೂರುತ್ತಿತ್ತು. ಅದನ್ನು ಒರೆಸುತ್ತ ನಾನು ಜಗಳೂರಿಗೇ ಬೈಯುತ್ತಿದ್ದೆ. ಊರು ಏನು ಮಾಡೀತು ತಾಯಿ, ನೆಲದಾಗಿದ್ದದ್ದು ಕೊಟ್ಟೈತೆ ಅಂತ ನಜೀರಣ್ಣ ಊರಿನ ಪರ ವಹಿಸುತ್ತಿದ್ದ.

ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದನ್ನು ಮೊದಲು ಯಾರ ಬಾಯಿಗೆ ಹಾಕಿದ್ರಿ? ಮಗಳು ಕಚ್ಚಿದ ಹಣ್ಣನ್ನೂ ಎಂಜಲು ಅನ್ನುವ ಜನಕ್ಕೆ ಹತ್ತು ಊರಿನ ಬಾಯಿಗೆ ಹೋಗಿ ಬಂದ ಕೊಳವೆ ಅಂದರೆ ಹೇಗಾಗಬೇಡ. ನಾನೂ ಸುಮ್ಮನಿರುವ ಪೈಕಿಯಲ್ಲ. ನಿಮ್ಮ ಮನೆಯ ಲೋಟಕ್ಕಿಂತ ಚೊಕ್ಕ ಐತ್ರಿ, ಬಾಯಿ ತೆಗೀರಿ ಅನ್ನುತ್ತಿದ್ದೆ. ಈ ಜಂಬಕ್ಕೆ ಒಂದು ಕಾರಣವಿದೆ, ಹೇಳಿಬಿಡುತ್ತೇನೆ. ನಾವು ಕತ್ತಲಗೆರೆಯ ಕಡೆಯವರು. ನಮ್ಮಜ್ಜಿಯ ಕಾಲದಲ್ಲಿ ಸಂತೆಗೆ ಹೋದರೆ ನಮ್ಮ ಜನಕ್ಕೆ ಹೋಟೆಲಿನವರು ತೆಂಗಿನ ಚಿಪ್ಪಿನಲ್ಲಿ ಚಹಾ ಹೊಯ್ಯುತ್ತಿದ್ದರಂತೆ. ಕುಡಿಯಬೇಕು, ಬಿಸಾಡಬೇಕು. ಅಪ್ಪನ ಕಾಲಕ್ಕೆ ಗಾಜಿನ ಲೋಟ ಬಂತು, ಆದರೆ ಅದು ಬೇರೆಯದೇ ಲೋಟ, ಕುಡಿದವರೇ ತೊಳೆದು ಗೋಡೆಯ ಮೇಲೆ ಬೋರಲು ಹಾಕಿ ಬರಬೇಕು. ಅಪ್ಪ ಆ ಹೋಟೆಲಿಗೆ ಹೋಗುವುದನ್ನೇ ಬಿಟ್ಟ. ಮನೆಗೆ ಬುದ್ಧನ ಪಟ ತಂದ, ನನಗೆ ಸುಜಾತ ಎಂದು ಹೆಸರಿಟ್ಟ, ಓದಿಸಿದ. ಆ ಮನೆಯ ಮಗಳು ತೊಳೆದದ್ದು ಈಗ ನಾಲ್ಕು ತಾಲ್ಲೂಕಿನಲ್ಲಿ ಎಲ್ಲ ಜಾತಿಯವರ ಬಾಯಿಗೂ ಹೋಗುತ್ತಿತ್ತು. ಇದನ್ನು ಯಾರ ಹತ್ತಿರವೂ ಆಡಿ ತೋರಿಸಿದವಳಲ್ಲ. ಒಳಗೊಳಗೆ ಮಾತ್ರ ಬಹಳ ಖುಷಿಯಿತ್ತು.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ಎರಡು ಸ್ಕೋಪುಗಳಲ್ಲಿ ಒಂದು ರಿಪೇರಿಗೆ ಹೋಯಿತು. ವಾರ ಕಳೆದರೂ ಬರಲಿಲ್ಲ. ಅದೇ ಸಮಯಕ್ಕೆ ಸರಿಯಾಗಿ ಒಂದು ಕಂಪನಿಯ ಹುಡುಗಿ ಬಂದು ಎರಡು ಹೊಸ ಸ್ಕೋಪುಗಳನ್ನು ಸ್ಯಾಂಪಲ್ ಎಂದು ಕೊಟ್ಟುಹೋದಳು. ಒಂದು ಸಲ ಬಳಸಿ ಬಿಸಾಡುವಂಥವು. ಜೊತೆಗೆ ಒಂದು ಪುಟ್ಟ ಪರದೆ. ತೊಳೆಯುವ ತಾಪತ್ರಯವೇ ಇಲ್ಲ ಮೇಡಂ ಅಂತ ಅವಳು ನನಗೇ ಹೇಳಿದಳು. ನನ್ನ ಕೆಲಸವನ್ನು ತಾಪತ್ರಯ ಅಂದದ್ದಕ್ಕೆ ನನಗೆ ಸಿಟ್ಟು ಬಂತು. ಇಂಥವು ಬಂದರೆ ಮುಂದೆ ನಾನೇನು ಮಾಡಲಿ ಅನ್ನುವ ಅಳುಕೂ ಇತ್ತು, ಸುಳ್ಳು ಹೇಳಬಾರದು. ಡಾಕ್ಟರು ಎರಡನ್ನೂ ವ್ಯಾನಿನಲ್ಲಿ ಇಡಿಸಿ, ತೀರ ಬೇಕಾದವರಿಗೆ ತೆಗೆಯೋಣ ಎಂದರು.

ತೀರ ಬೇಕಾದವರು ಒಂದು ಬುಧವಾರ ನ್ಯಾಮತಿಯಲ್ಲಿ ಸಿಕ್ಕರು. ಹಮಾಲಿ ಕೆಲಸ ಮಾಡುವ ಒಬ್ಬ ನಡುವಯಸ್ಸಿನ ಮನುಷ್ಯ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಇದೆ ಎಂದು ಬಂದಿತ್ತು, ಲಿವರು ಕೆಟ್ಟು ರಕ್ತ ಕಾರಿಕೊಂಡಿದ್ದ. ಇಂಥವರನ್ನು ಎಲ್ಲ ಕಡೆ ಪಟ್ಟಿಯ ಕೊನೆಗೆ ಹಾಕುವುದು ರೂಢಿ. ತೊಳೆಯುವ ಕ್ರಮ ಎಲ್ಲರಿಗೂ ಒಂದೇ, ಆದರೂ ಮನಸ್ಸಿನ ಸಮಾಧಾನಕ್ಕೆ ಹಾಗೆ. ಅವತ್ತು ಡಾಕ್ಟರು ಅವನನ್ನೇ ಮೊದಲು ಕರೆದು, ಹೊಸ ಸ್ಯಾಂಪಲ್ ಒಡೆದು ನೋಡಿದರು. ಎದ್ದು ಹೋಗುವಾಗ ಅವನು ನನಗೆ ಕೈಮುಗಿದು, ಎಲ್ಲಾ ಕಡೆ ಸಂಜಿ ತನಕ ಕೂರಿಸ್ತಿದ್ರು ಅಂದ.

ಆ ಸ್ಕೋಪನ್ನು ಕೆಂಪು ಚೀಲಕ್ಕೆ ಹಾಕಿ ಕಸಕ್ಕೆ ಕಳಿಸಬೇಕಿತ್ತು. ಚೀಲದ ಬಾಯಿ ಬಿಡಿಸಿ ನಿಂತೆ. ಕೈ ಬರಲಿಲ್ಲ. ಐದು ನಿಮಿಷದ ಕೆಲಸ ಮಾಡಿದ್ದ ವಸ್ತು. ತುದಿಯ ಕ್ಯಾಮೆರಾ ಮಿರಮಿರ ಹೊಳೆಯುತ್ತಿತ್ತು, ಗುಂಡಿ ತಿರುಗಿಸಿದರೆ ತುದಿ ಹೇಳಿದ ಹಾಗೆ ಬಾಗುತ್ತಿತ್ತು. ಎಣ್ಣೆ ಡಬ್ಬಿ, ಹಾರ್ಲಿಕ್ಸ್ ಬಾಟಲಿ, ಐಸ್‌ಕ್ರೀಮ್ ಡಬ್ಬಿ ಯಾವುದನ್ನೂ ತೊಳೆದಿಡದೆ ಬಿಸಾಡಿದ ಮನೆಯವಳಲ್ಲ ನಾನು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಹಿಡಿಯುವುದು ಕಲಿಸಲು ಆಗುತ್ತದೆ ಅಂದುಕೊಂಡು ಅದನ್ನು ತೊಳೆದೆ. ಹೇಗೋ ಹಾಗಲ್ಲ, ನಮ್ಮ ಸ್ಕೋಪಿಗೆ ಮಾಡುವುದಕ್ಕಿಂತ ಒಂದು ಸಲ ಹೆಚ್ಚಾಗಿ. ತೊಳೆದ ಮೇಲೆ ಎಲ್ಲಿಡುವುದು? ತೊಳೆದ ಪಾತ್ರೆಯನ್ನು ಮುಸುರೆಯ ಪಕ್ಕ ಯಾರಾದರೂ ಇಡುತ್ತಾರಾ? ತೊಳೆದದ್ದು ತೊಳೆದದ್ದರ ಜಾಗಕ್ಕೆ ಹೋಗಬೇಕು. ಊರೂರಿಗೆ ನಮ್ಮ ಜೊತೆಗೇ ಒಯ್ಯುವ ಕಪಾಟಿನಲ್ಲಿ ರಿಪೇರಿಗೆ ಹೋದ ಸ್ಕೋಪಿನ ಕೊಕ್ಕೆ ಖಾಲಿ ಇತ್ತು, ಹೊಸ ಪ್ಲಾಸ್ಟಿಕ್ ಚೀಲ ತೊಡಿಸಿ ಅಲ್ಲಿಗೆ ನೇತುಹಾಕಿದೆ. ಒಂದು ಚೀಟಿಯನ್ನೂ ಅಂಟಿಸಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅನಿಸಲೂ ಇಲ್ಲ.

ಶುಕ್ರವಾರ ಜಗಳೂರಿನಲ್ಲಿ ಮೋಡ ಕಟ್ಟಿತ್ತು, ಮಳೆ ಇರಲಿಲ್ಲ. ಅಲ್ಲಿ ಯಾವಾಗಲೂ ಹಾಗೇ. ನಾಲ್ಕು ಜನ ಇದ್ದರು. ಮೂರನೆಯವರದು ಮುಗಿದ ಮೇಲೆ ಲೀಕ್ ಟೆಸ್ಟ್ ಮಾಡಿದರೆ ಸ್ಕೋಪಿನ ಬಾಗುವ ಜಾಗದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಡಾಕ್ಟರಿಗೆ ಕೂಗಿ ಹೇಳಿದೆ. ಹೊರಗೆ ಕೂತಿದ್ದ ನಾಲ್ಕನೆಯವಳೇ ತಿಪ್ಪಮ್ಮಕ್ಕ. ಹಿಂದಿನ ರಾತ್ರಿಯಿಂದ ನೀರೂ ಕುಡಿದಿರಲಿಲ್ಲ, ಎರಡು ಬಸ್ಸು ಬದಲಿಸಿ ಹಳ್ಳಿಯಿಂದ ಬಂದಿದ್ದಳು, ಹೊಟ್ಟೆ ಹಿಡಿದುಕೊಂಡು ಮುದುಡಿ ಕೂತಿದ್ದಳು. ಅವಳನ್ನು ಮುಂದಿನ ವಾರ ಬಾ ಅನ್ನುವುದು ಹೇಗೆ? ಡಾಕ್ಟರಿಗೆ ಎರಡನೆಯ ಸ್ಯಾಂಪಲ್ ನೆನಪಾಯಿತು. ನಾನು ಒಳಗೆ ಸೋರುವ ಸ್ಕೋಪನ್ನು ನೀರಿನಿಂದ ತೆಗೆದು ಒರೆಸುತ್ತಿದ್ದೆ. ಅವರು ಕಪಾಟು ತೆಗೆದು, ಚೀಲ ತೊಡಿಸಿ ನೇತುಹಾಕಿದ್ದನ್ನು ಕಂಡು, ಸುಜಾತ ಮೊದಲೇ ತೆಗೆದಿಟ್ಟಿದ್ದಾಳೆ ಅಂದುಕೊಂಡು ಎತ್ತಿಕೊಂಡರು.

ನಾನು ಕೈ ಒರೆಸಿಕೊಂಡು ಕೋಣೆಗೆ ಬರುವಾಗ ಕೊಳವೆ ತಿಪ್ಪಮ್ಮಕ್ಕನ ಹೊಟ್ಟೆಯೊಳಗಿತ್ತು. ಚಿತ್ರ ಮಬ್ಬಾಗಿದೆ, ಕಂಪನಿಯವರ ಮಾಲು ಇಷ್ಟೇ ಎಂದು ಡಾಕ್ಟರು ಗೊಣಗುತ್ತಿದ್ದರು. ಯಾವ ಪೆಟ್ಟಿಗೆ ಒಡೆದರು ಎಂದು ನಾನು ಅತ್ತಿತ್ತ ನೋಡಿದೆ, ಒಡೆದ ಪೆಟ್ಟಿಗೆ ಎಲ್ಲೂ ಇಲ್ಲ. ಓಡಿಹೋಗಿ ಕಪಾಟು ನೋಡಿದೆ. ಕೊಕ್ಕೆ ಖಾಲಿ. ವ್ಯಾನಿಗೆ ಹೋಗಿ ನೋಡಿದೆ. ಎರಡನೆಯ ಸ್ಯಾಂಪಲ್ಲು ಸೀಲು ಒಡೆಯದೆ ಹಾಗೇ ಇತ್ತು.

ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನಾನು ಎಷ್ಟು ಹೊತ್ತು ನಿಂತಿದ್ದೆನೋ. ನಾನು ಎಷ್ಟೇ ತಿಕ್ಕಿದ್ದರೂ ಅದು ತೊಳೆಯಲು ಮಾಡಿದ ವಸ್ತುವಲ್ಲ. ಅದರ ಒಳಗಿನ ಕಾಲುವೆಗೆ ನಮ್ಮ ಬ್ರಷ್ಷು ಪೂರ್ತಿ ತಾಕುವುದಿಲ್ಲ, ತುದಿಗೆ ಹಚ್ಚಿದ ಅಂಟು ದ್ರಾವಣದಲ್ಲಿ ಬಿಟ್ಟುಕೊಳ್ಳುತ್ತದೆ, ಒಳಗೆ ಏನು ಉಳಿದಿದೆ ಎಂದು ಹೇಳುವವರಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ, ಪೆಟ್ಟಿಗೆಯ ಮೇಲೇ ಬರೆದಿತ್ತು. ನ್ಯಾಮತಿಯವನ ಕಾಯಿಲೆ ತಿಪ್ಪಮ್ಮಕ್ಕನಿಗೆ ಹತ್ತಿದರೆ? ಹತ್ತದೆಯೂ ಇರಬಹುದು. ಹೆಚ್ಚಾಗಿ ಹತ್ತುವುದಿಲ್ಲ. ಆಗ ಒಂದು ಯೋಚನೆ ಬಂತು, ಬರೆಯಲು ನಾಚಿಕೆಯಾಗುತ್ತದೆ. ಈ ಪೆಟ್ಟಿಗೆ ಒಡೆದು, ಒಳಗಿನದನ್ನು ಕೆಂಪು ಚೀಲಕ್ಕೆ ಹಾಕಿಬಿಟ್ಟರೆ ಸ್ಯಾಂಪಲ್ ಎರಡಿದ್ದವು, ಎರಡೂ ಬಳಸಿ ಆಯಿತು. ಲೋಕದಲ್ಲಿ ಒಬ್ಬರಿಗೂ ಗೊತ್ತಾಗುವುದಿಲ್ಲ.

ಪೆಟ್ಟಿಗೆ ಒಡೆಯಲಿಲ್ಲ. ಆದರೆ ಬಾಯಿಯೂ ಬಿಡಲಿಲ್ಲ. ಡಾಕ್ಟರು ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಮಾತ್ರೆ ಬರೆದುಕೊಟ್ಟರು. ತಿಪ್ಪಮ್ಮಕ್ಕನನ್ನು ನಾನೇ ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದೆ. ದಾವಣಗೆರೆಗೆ ವಾಪಸು ಬರುವ ದಾರಿಯುದ್ದಕ್ಕೂ ಅವರು ಬೇರೇನೋ ಮಾತಾಡುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಯಾಕೆ ಮೈಗೆ ಹುಷಾರಿಲ್ಲವಾ ಎಂದು ನಜೀರಣ್ಣ ಎರಡು ಸಲ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು, ಸುಮ್ಮನೆ ಕೇಳಿದರೂ ಬೆಚ್ಚಿಬೀಳುತ್ತಿದ್ದೆ. ಕೆಲಸ ಹೋಗುತ್ತದೆ ಅನ್ನುವ ಭಯ ಇತ್ತು. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಸುಜಾತ ತೊಳೆದದ್ದು ಸರಿಯಿಲ್ಲ ಎಂದು ನಾಲ್ಕು ತಾಲ್ಲೂಕಿನಲ್ಲಿ ಅನ್ನಿಸಿಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಬೆಳಗ್ಗೆ ಎದ್ದವಳೇ ಡಾಕ್ಟರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮೊದಲು ಕೇಳಿದ್ದು ಎಷ್ಟು ತಾಸಾಯಿತು ಎಂದು. ಹೆಪಟೈಟಿಸ್ ಬಿ ತಗುಲಿದೆ ಎಂಬ ಅನುಮಾನವಿದ್ದರೆ ಒಂದು ದಿನದೊಳಗೆ ಲಸಿಕೆ ಮತ್ತೆ ಇನ್ನೊಂದು ಇಂಜೆಕ್ಷನ್ ಕೊಟ್ಟುಬಿಡುವುದು ಒಳ್ಳೆಯದು, ತಡವಾದಷ್ಟೂ ಗುಣ ಕಡಿಮೆ. ನಾನು ಸುಮ್ಮನಿದ್ದ ಆ ರಾತ್ರಿ ಎಂಥದ್ದೆಂದು ನನಗೆ ಆಗ ಅರ್ಥವಾಯಿತು. ಡಾಕ್ಟರು ಆಸ್ಪತ್ರೆಯ ಮ್ಯಾನೇಜರಿಗೆ ಫೋನು ಮಾಡಿದರು. ಆಚೆಯಿಂದ ಏನು ಹೇಳಿದರೋ, ಇವರ ಮುಖ ಸಣ್ಣಗಾಯಿತು. ಉಚಿತ ಲಸಿಕೆ ಅಂತ ಹೇಳಿ ಚುಚ್ಚಿ ಬನ್ನಿ, ಕಾರಣ ಯಾಕೆ ಹೇಳಬೇಕು ಅಂದರಂತೆ. ಡಾಕ್ಟರು ಸ್ವಲ್ಪ ಹೊತ್ತು ಕೂತರು. ಆ ಸ್ವಲ್ಪ ಹೊತ್ತಿನಲ್ಲಿ ಅವರು ಹೂಂ ಅಂದುಬಿಟ್ಟರೆ ಸಾಕು ಎಂದು ನನ್ನ ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

"ನೀನು ಚೀಟಿ ಹಚ್ಚಲಿಲ್ಲ, ನಾನು ಕೇಳದೆ ತಗೊಂಡೆ," ಎಂದರು ಎದ್ದು. "ನಡಿ, ಹೋಗಿ ಹೇಳೋಣ."

ನಜೀರಣ್ಣ ಐಸ್ ಡಬ್ಬಿಯಲ್ಲಿ ಇಂಜೆಕ್ಷನ್ ಇಟ್ಟುಕೊಂಡು ಬಂದ. ತಿಪ್ಪಮ್ಮಕ್ಕನ ಹಳ್ಳಿ ಮುಟ್ಟುವಾಗ ಶನಿವಾರದ ಶಾಲೆ ಬಿಟ್ಟಿತ್ತು. ಅವಳು ಆ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ಎಂದು ಗೊತ್ತಾದದ್ದೇ ಆಗ. ಅಡುಗೆ ಕೋಣೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಬ್ಬಳು ಒಳಗೆ ಕೂರಬಹುದಾದಷ್ಟು ದೊಡ್ಡ ಪಾತ್ರೆಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾದಳು. ಡಾಕ್ಟರು ಪಕ್ಕದ ಕಲ್ಲಿನ ಮೇಲೆ ಕೂತು, ಒಂದೂ ಮುಚ್ಚಿಡದೆ ಹೇಳಿದರು, ಆ ಒಂದು ರಾತ್ರಿಯನ್ನು ಬಿಟ್ಟು. ನಿನ್ನೆ ಗೊತ್ತಾಗಿದ್ದು ಎಂದು ಹೇಳಲಿಲ್ಲ, ಗೊತ್ತಾದ ತಕ್ಷಣ ಬಂದೆವು ಎಂದರು. ನಾನು ಗೋಡೆ ನೋಡುತ್ತ ನಿಂತಿದ್ದೆ.

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಅಡಿಯ ಸುತ್ತ, ಕಂಠದ ಸುತ್ತ, ಮತ್ತೆ ಅಡಿಯ ಸುತ್ತ. ಯಾರ ಬಾಯಿಗೆ ಹೋಗಿತ್ತು ಎಂದು ಈಗ ಕೇಳುತ್ತಾಳೆ, ಯಾವ ಜಾತಿ ಎಂದು ಕೇಳುತ್ತಾಳೆ, ತೊಳೆದವಳು ಯಾರು ಎಂದು ಕೇಳುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅವಳು ಕೇಳಿದ್ದು ಬೇರೆ.

"ಸೋಮಾರ ನಾನು ಹುಡುಗ್ರಿಗೆ ಅಡಿಗಿ ಮಾಡಬೌದಾ ಸಾರ್?"

ಮಾಡಬಹುದು, ಅದು ಅಡುಗೆಯಿಂದ, ಕೈಯಿಂದ ಹರಡುವ ಕಾಯಿಲೆಯಲ್ಲ, ನಿಮಗೆ ಬಂದಿದೆ ಎಂದೂ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿದಳು.

"ನೀವು ಹೇಳ್ತೀರಿ, ಊರು ಕೇಳಬೇಕಲ್ಲ. ಯಾರಿಗಾರ ಗೊತ್ತಾದ್ರೆ ನನ್ನ ಕೈಯಾಗಿನ ಅನ್ನ ಒಂದು ಹುಡ್ಗನೂ ಮುಟ್ಟಾಕಿಲ್ಲ. ನಂಗೆ ನಿಜ ಹೇಳೀರಿ, ಚಲೋದಾತು. ಊರಿಗೆ ಹೇಳಬ್ಯಾಡ್ರಿ."

ನನಗೆ ಅಳು ತಡೆಯಲಾಗಲಿಲ್ಲ. ಕೈಯ ಅನ್ನ ಮುಟ್ಟದ ಜನ ಅಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರು ಉಂಡ ಅವಮಾನವನ್ನು, ಚೊಕ್ಕ ಮಾಡುವ ಜಂಬದಲ್ಲಿ, ನಾನೇ ಒಯ್ದು ಇನ್ನೊಬ್ಬಳ ಬಾಗಿಲಿಗೆ ಇಟ್ಟು ಬಂದಿದ್ದೆ. ಅವಳಿಗೆ ಅಡುಗೆ ಕೋಣೆಯೊಳಗೇ ಬಾಗಿಲು ಮುಂದೆ ಮಾಡಿ ಎರಡು ಇಂಜೆಕ್ಷನ್ ಕೊಟ್ಟೆವು, ರಕ್ತ ತೆಗೆದುಕೊಂಡೆವು. ಹೆಡ್‌ಮಾಸ್ಟರು ಇಣುಕಿದಾಗ ಹೊಟ್ಟೆನೋವಿನ ಸೂಜಿ ಎಂದು ನಜೀರಣ್ಣ ಸಂಭಾಳಿಸಿದ.

ಆ ಮಳೆಗಾಲ ಹೀಗೆ ಎರಡು ಲೆಕ್ಕದಲ್ಲಿ ನಡೆಯಿತು, ಒಂದು ಎಲ್ಲರದು, ಒಂದು ತಿಪ್ಪಮ್ಮಕ್ಕನದು. ಮೊದಲ ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ, ಅಷ್ಟು ಬೇಗ ಇರಬೇಕಾದ್ದೂ ಅಲ್ಲ. ತಿಂಗಳಿಗೆ ಎರಡನೇ ಲಸಿಕೆ, ಆರು ತಿಂಗಳಿಗೆ ಮೂರನೇದು, ನಡುನಡುವೆ ರಕ್ತ. ಜಗಳೂರಿನಲ್ಲಿ ಬೇರೆಯವರ ಕಣ್ಣಿಗೆ ಬೀಳದ ಹಾಗೆ ಎಲ್ಲ ರೋಗಿಗಳು ಹೋದ ಮೇಲೆ ಅವಳು ಬರುತ್ತಿದ್ದಳು. ನನಗೆ ಕೆಲಸ ಹೋಗಲಿಲ್ಲ, ತಪ್ಪಿಗೆ ಕಾರಣ ಕೇಳಿ ಆಸ್ಪತ್ರೆಯಿಂದ ಒಂದು ಕಾಗದ ಬಂತು, ಅದಕ್ಕೆ ಉತ್ತರ ಬರೆದುಕೊಟ್ಟೆ. ಆ ಕಂಪನಿಯ ಹುಡುಗಿ ಮತ್ತೆ ಬಂದು ಇನ್ನೆರಡು ಸ್ಕೋಪು ಕೊಟ್ಟಳು. ಡಾಕ್ಟರು ಒಂದು ಹೊಸ ನಿಯಮ ಮಾಡಿದರು: ಬಿಸಾಡುವ ಸ್ಕೋಪು ಬಾಯಿಂದ ಹೊರಗೆ ಬಂದ ಕೂಡಲೇ, ರೋಗಿ ಎದ್ದು ಕೂರುವ ಮೊದಲೇ, ಅದನ್ನು ಕತ್ತರಿಸಬೇಕು. ಹೊನ್ನಾಳಿಯಲ್ಲಿ ಕ್ಯಾನ್ಸರ್ ಔಷಧಿಯಿಂದ ಮೈಯ ಶಕ್ತಿಯೆಲ್ಲ ಕುಂದಿದ್ದ ಒಬ್ಬ ಹೆಣ್ಣುಮಗಳಿಗೆ ಅದನ್ನು ಬಳಸಿದ ದಿನ ಮೊದಲ ಸಲ ಕತ್ತರಿಸಿದೆ. ದೊಡ್ಡ ಕತ್ತರಿ, ಎರಡೂ ಕೈ ಹಾಕಿ ಒತ್ತಿದರೂ ಹೋಗುತ್ತಿರಲಿಲ್ಲ. ಒಳಗಿನ ತಂತಿಗಳು ಕರಕರ ಎಂದು ತುಂಡಾದವು. ಕಿಟಕಿಯಾಚೆ ಮಳೆ ಸುರಿಯುತ್ತಿತ್ತು.

ಕತ್ತರಿಸುತ್ತ ಕತ್ತರಿಸುತ್ತ ನನಗೆ ಬಿಸಾಡುವುದರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಅಜ್ಜಿಗೆ ಚಿಪ್ಪು ಕೊಟ್ಟವರು ಅಜ್ಜಿಯಿಂದ ತಮ್ಮನ್ನು ಕಾಪಾಡಿಕೊಳ್ಳಲು ಕೊಟ್ಟದ್ದು. ಈ ಹೆಣ್ಣುಮಗಳಿಗೆ ಹೊಸ ಸ್ಕೋಪು ಒಡೆದದ್ದು ನಮ್ಮಿಂದ ಅವಳನ್ನು ಕಾಪಾಡಲು. ಎರಡರಲ್ಲೂ ಕಡೆಗೆ ಬಿಸಾಡುವುದೇ, ಆದರೆ ಎರಡೂ ಒಂದೇ ಅಲ್ಲ. ಹಾಗಂತ ಎಲ್ಲರಿಗೂ ಒಂದೊಂದು ಒಡೆದು ಬಿಸಾಡುತ್ತ ಹೋದರೆ ಆ ಕಸ ಯಾರ ಊರಿನ ಪಕ್ಕ ಬೀಳುತ್ತದೆ, ಅದನ್ನು ಬರಿಗೈಯಲ್ಲಿ ಆಯುವವರು ಯಾವ ಕೇರಿಯವರು ಎಂದೂ ನನಗೆ ಗೊತ್ತಿದೆ. ಈಗಲೂ ಹುಡುಗಿಯರು ಯಾವುದು ಒಳ್ಳೆಯದು ಮೇಡಂ ಎಂದು ಕೇಳಿದರೆ ನಾನು ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ. ತೊಳೆಯುವುದನ್ನು ಪೂರ್ತಿ ತೊಳೆಯಿರಿ, ಬಿಸಾಡುವುದನ್ನು ಕತ್ತರಿಸಿ ಬಿಸಾಡಿ, ನಡುವೆ ನಿಲ್ಲಬೇಡಿ ಅನ್ನುತ್ತೇನೆ.

ತಿಪ್ಪಮ್ಮಕ್ಕನ ಹುಣ್ಣು ಮಾಯುತ್ತಿದೆಯಾ ಎಂದು ಎರಡು ತಿಂಗಳಿಗೇ ಮತ್ತೊಮ್ಮೆ ನೋಡಬೇಕಿತ್ತು. ಅವಳು ಒಪ್ಪಲಿಲ್ಲ. ಹೆದರಿದ್ದಾಳೆ ಅಂದುಕೊಂಡೆವು. ಕೇಳಿದರೆ, ಕಡೇ ರಿಪೋರ್ಟು ಬರೋ ತನಕ ನನ್ನ ಬಾಯಿಗೆ ಪೈಪು ಹಾಕಬ್ಯಾಡ್ರಿ, ನನ್ನಿಂದ ಇನ್ನೊಬ್ಬರಿಗೆ ಯಾಕೆ ಅಂದಳು. ಮಾತ್ರೆ ನುಂಗಿಕೊಂಡು, ಖಾರ ಬಿಟ್ಟು, ಅವಳು ಕಾದಳು. ಸೋಮವಾರದಿಂದ ಶನಿವಾರದ ತನಕ ಒಂದು ದಿನವೂ ತಪ್ಪದೆ ಮಕ್ಕಳಿಗೆ ಅನ್ನ ಮಾಡಿದಳು. ಪ್ರತಿ ಸಲ ಬಂದಾಗಲೂ ಏನಾರ ಬಂತಾ ಎಂದು ಕೇಳುತ್ತಿದ್ದಳು. ಇಲ್ಲ ಅಂದರೆ, ಇನ್ನೂ ಬಂದಿಲ್ಲ ಅಂತಾನಾ, ಬರೋದೇ ಇಲ್ಲ ಅಂತಾನಾ ಎಂದು ಮತ್ತೆ ಕೇಳುತ್ತಿದ್ದಳು. ನಾನು ಆ ಆರು ತಿಂಗಳು ಎಷ್ಟು ನಿದ್ದೆ ಮಾಡಿದೆನೋ ಅದಕ್ಕಿಂತ ಕಡಿಮೆ ಅವಳು ಮಾಡಿರಬೇಕು.

ಸಂಕ್ರಾಂತಿಗೆ ಒಂದು ವಾರ ಮುಂಚೆ ಕಡೆಯ ರಿಪೋರ್ಟು ಬಂತು. ಯಾವುದೂ ಇಲ್ಲ, ಯಾವ ಕಾಯಿಲೆಯೂ ಇಲ್ಲ. ಫೋನಿನಲ್ಲಿ ಹೇಳಿದೆ. ಹಂಗಾದ್ರೆ ಶುಕ್ರವಾರ ಹೊಟ್ಟಿ ಖಾಲಿ ಇಟ್ಕಂಡು ಬರ್ತೀನಿ ಅಂದಳು.

ಬಂದಳು. ಡಾಕ್ಟರು ಅವಳ ಮುಂದೆ ಸೀಲು ಒಡೆಯದ ಹೊಸ ಪೆಟ್ಟಿಗೆ ಹಿಡಿದರು. ನಿಮಗೆ ಇದನ್ನೇ ಹಾಕುತ್ತೇನೆ, ನಿಮ್ಮೆದುರೇ ಒಡೆಯುತ್ತೇನೆ ಎಂದರು. ಅವಳು ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ತೊಳಿಯೋದನ್ನ ನಾನು ನೋಡಬೌದಾ ಅಂದಳು. ರೋಗಿಗಳು ಆ ಕೋಣೆಗೆ ಬರುವ ಪದ್ಧತಿಯಿಲ್ಲ. ಡಾಕ್ಟರು ಬರಲಿ ಬಿಡು ಎಂದರು. ಅವಳಿಗೆ ಮಾಸ್ಕು ಹಾಕಿ, ಬಾಗಿಲ ಹತ್ತಿರ ಕಿಟಕಿಯ ಪಕ್ಕ ನಿಲ್ಲಿಸಿದೆ. ಹಿಂದಿನ ರೋಗಿಯಿಂದ ಬಂದ ಸ್ಕೋಪು ನನ್ನ ಕೈಯಲ್ಲಿತ್ತು. ಮುಕ್ಕಾಲು ಗಂಟೆ, ಹಸಿದ ಹೊಟ್ಟೆಯಲ್ಲಿ, ಗೋಡೆಗೂ ಒರಗದೆ ಅವಳು ನಿಂತು ನೋಡಿದಳು. ನಾನು ಯಾವತ್ತೂ ಅಷ್ಟು ಹೆದರಿ ತೊಳೆದದ್ದಿಲ್ಲ. ಗುಳ್ಳೆ ನೋಡುವಾಗ ಅವಳೂ ಬಗ್ಗಿ ನೋಡಿದಳು. ಬ್ರಷ್ಷು ಮೂರನೇ ಸಲ ಬಿಳಿಯಾಗಿ ಬಂದಾಗ, ಪಾತ್ರೆ ತಿಕ್ಕುವವಳಿಗೆ ಗೊತ್ತಾಗುವ ಹಾಗೆ ಸಣ್ಣಗೆ ತಲೆ ಆಡಿಸಿದಳು.

"ಅವತ್ತಿನದನ್ನೂ ಹಿಂಗೇ ತೊಳೆದಿದ್ಯಾ?" ಎಂದು ಕೇಳಿದಳು.

"ಇದಕ್ಕಿಂತ ಒಂದು ಸಲ ಜಾಸ್ತಿ, ಅಕ್ಕಾ. ಆದ್ರೆ ಅದು ತೊಳೆಯೋ ಅಂಥದ್ದಲ್ಲ."

"ಹೂಂ. ತೊಳೆದಿದ್ದು ಹೋಗ್ಲಿ ಬಿಡು. ಯಾರಿಗೂ ಹೇಳದಂಗೆ ಇಟ್ಟಿಯಲ್ಲ, ಅದು ತಪ್ಪು."

ಅವಳು ಹೇಳಿದ್ದು ಕಪಾಟಿನಲ್ಲಿ ನೇತುಹಾಕಿದ್ದನ್ನು. ನನ್ನ ಎದೆಗೆ ತಾಗಿದ್ದು ಬೇರೆ. ಅವಳನ್ನು ಮಲಗಿಸಿ, ಗಂಟಲಿಗೆ ಮರಗಟ್ಟುವ ಔಷಧಿ ಹೊಡೆದುಬಿಟ್ಟರೆ ಆಮೇಲೆ ಅವಳು ಮಾತಾಡುವಂತಿಲ್ಲ, ಬೇಡ ಅನ್ನುವಂತಿಲ್ಲ. ಹೇಳುವುದಿದ್ದರೆ ಈಗಲೇ ಹೇಳಬೇಕಿತ್ತು. ಗ್ಲೌಸು ಬಿಚ್ಚಿದೆ.

"ಅಕ್ಕಾ, ಶನಿವಾರ ಗೊತ್ತಾಗಿದ್ದಲ್ಲ. ನೀನು ಟೇಬಲ್ ಮೇಲೆ ಇರುವಾಗಲೇ ನಂಗೆ ಗೊತ್ತಾಗಿತ್ತು. ಒಂದು ರಾತ್ರಿ ಸುಮ್ಮನಿದ್ದೆ. ಡಾಕ್ಟರಿಗೂ ಹೇಳಲಿಲ್ಲ. ನನ್ನ ಕೆಲಸಕ್ಕೆ ಹೆದರಿ."

ತಿಪ್ಪಮ್ಮಕ್ಕ ಮಾಸ್ಕನ್ನು ಕೆಳಗೆ ಎಳೆದುಕೊಂಡಳು. ಅವಳ ಮುಖದಲ್ಲಿ ಸಿಟ್ಟಿತ್ತು, ಇರಲಿಲ್ಲ ಎಂದು ನಾನು ಬರೆಯಲಾರೆ.

"ಗೊತ್ತು," ಎಂದಳು. "ಅವತ್ತು ನನ್ನ ಬಸ್ ಸ್ಟ್ಯಾಂಡಿನ ತನಕ ಕೈ ಹಿಡ್ಕಂಡು ಬಂದು ಸೀಟು ಹಿಡಿದು ಕೂರಿಸಿ ಹೋದ್ಯಲ್ಲ. ಮುಂಚೆ ಮೂರು ಜನ ಹೋದ್ರು, ಒಬ್ರನ್ನಾರ ಬಸ್ ಹತ್ತಿಸಿದ್ಯಾ? ಆವಾಗ್ಲೇ ಅಂದ್ಕಂಡೆ, ಈ ಹುಡುಗಿ ಏನೋ ಮಾಡ್ಯಾಳೆ ಅಂತ. ನೀನಾಗೇ ಹೇಳ್ತೀಯೋ ಇಲ್ವೋ ಅಂತ ಆರು ತಿಂಗ್ಳು ನೋಡಿದೆ."

ಅವಳು ಡಾಕ್ಟರ ಕೋಣೆಗೆ ನಡೆದು, ತಾನೇ ಟೇಬಲ್ ಹತ್ತಿ ಎಡಮಗ್ಗುಲಿಗೆ ಮಲಗಿದಳು. ಡಾಕ್ಟರು ಹೊಸ ಪೆಟ್ಟಿಗೆ ಎತ್ತಿಕೊಂಡರು. ಅವಳು ಕೈ ಅಡ್ಡ ಹಿಡಿದು, ನಾನು ತೊಳೆದು ತಂದ ಸ್ಕೋಪಿನ ಕಡೆ ಬೆರಳು ತೋರಿಸಿದಳು.

"ಅದನ್ನ ಹಾಕ್ರಿ ಸಾರ್. ನಾನು ನಿಂತು ನೋಡೀನಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಜಲ್ದಿ ಮುಗಿಸು. ಹಸಿವಾಗೈತೆ."